ಮಲೇರಿಯಾ ರೋಗಾಣುವಿನ ಜೀವನಚಕ್ರ: ಪಾಠಪುಸ್ತಕದಿಂದ ಮನೆಯಂಗಳದವರೆಗೆ

ಹನ್ನೆರಡನೆಯ ತರಗತಿಯ ಜೀವಶಾಸ್ತ್ರ ಪಠ್ಯದಲ್ಲಿ ಮಲೇರಿಯಾ ರೋಗಾಣುವಿನ ಜೀವನಚಕ್ರದ ಚಿತ್ರವೊಂದಿದೆ. ಒಂದು ಪಕ್ಕದಲ್ಲಿ ಮನುಷ್ಯ, ಇನ್ನೊಂದು ಪಕ್ಕದಲ್ಲಿ ಸೊಳ್ಳೆ, ನಡುವೆ ಸುತ್ತುವ ಬಾಣದ ಗುರುತುಗಳು. ಉಚ್ಚರಿಸಲು ಕಠಿಣವಾದ ಏಳೆಂಟು ಹೆಸರುಗಳಿರುವುದರಿಂದ ವಿದ್ಯಾರ್ಥಿಗಳು ಈ ಚಿತ್ರವನ್ನು ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಬರೆದು, ಮರೆತುಬಿಡುವುದು ಸಾಮಾನ್ಯ. ಆದರೆ ಈ ಚಿತ್ರದ ಒಂದೊಂದು ಬಾಣವೂ ರೋಗವನ್ನು ತಡೆಯಬಹುದಾದ ಒಂದೊಂದು ಸ್ಥಳವನ್ನು ಸೂಚಿಸುತ್ತದೆ. ವೈದ್ಯರು ಕೊಡುವ ಮಾತ್ರೆ, ನಗರಸಭೆಯ ಸಿಬ್ಬಂದಿ ಸಿಂಪಡಿಸುವ ಔಷಧಿ, ನೀರಿನ ತೊಟ್ಟಿಗೆ ಹಾಕಬೇಕಾದ ಮುಚ್ಚಳ, ಇವೆಲ್ಲಕ್ಕೂ ಕಾರಣ ಆ ಚಿತ್ರದಲ್ಲೇ ಅಡಗಿದೆ.

ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿ ಮೊದಲಾದ ನಗರಗಳಲ್ಲಿ ನೆಲೆಸಿರುವ ಕನ್ನಡಿಗರ ಮಕ್ಕಳಲ್ಲಿ ಅನೇಕರು ವಿಜ್ಞಾನವನ್ನು ಇಂಗ್ಲಿಷಿನಲ್ಲೋ ಸ್ಥಳೀಯ ಭಾಷೆಯಲ್ಲೋ ಓದುತ್ತಾರೆ. ಅದೇ ವಿಷಯವನ್ನು ಮನೆಯ ಹಿರಿಯರೂ ಮಕ್ಕಳೂ ಒಟ್ಟಿಗೆ ಕುಳಿತು ಕನ್ನಡದಲ್ಲಿ ಓದಿಕೊಳ್ಳಲಿ ಎಂಬುದು ಈ ಲೇಖನದ ಉದ್ದೇಶ.

ಕೆಟ್ಟ ಗಾಳಿಯಿಂದ ಸೂಕ್ಷ್ಮದರ್ಶಕದವರೆಗೆ

ಮಲೇರಿಯಾ ಎಂಬುದು ಇಟಲಿಯ ಭಾಷೆಯ ಪದ. ಅದರ ಅರ್ಥ 'ಕೆಟ್ಟ ಗಾಳಿ'. ಜೌಗು ನೆಲದಿಂದ ಏಳುವ ದುರ್ವಾಯುವೇ ಈ ಜ್ವರಕ್ಕೆ ಕಾರಣವೆಂದು ಯುರೋಪಿನವರು ಶತಮಾನಗಳ ಕಾಲ ನಂಬಿದ್ದರು. ನಮ್ಮ ಆಯುರ್ವೇದ ಗ್ರಂಥಗಳು ಬಿಟ್ಟುಬಿಟ್ಟು ಬರುವ ಜ್ವರವನ್ನು ವಿಷಮಜ್ವರವೆಂದು ವರ್ಣಿಸಿವೆ. ಕನ್ನಡದ ಜನ ಇದನ್ನು ಚಳಿಜ್ವರವೆಂದು ಕರೆದರು. ಮತ್ತೆ ಮತ್ತೆ ಜ್ವರ ಬಂದವರ ಹೊಟ್ಟೆಯ ಎಡಭಾಗದಲ್ಲಿ ಗುಲ್ಮವು ಊದಿಕೊಳ್ಳುವುದನ್ನು ಮಲೆನಾಡಿನವರು ಜ್ವರಗಡ್ಡೆ ಎಂದರು. ಚಳಿಜ್ವರಕ್ಕೆ ಹೆದರಿ ಬಯಲುಸೀಮೆಯವರು ಮಲೆನಾಡಿಗೆ ಹೆಣ್ಣು ಕೊಡಲೂ ನೌಕರಿಗೆ ಹೋಗಲೂ ಹಿಂಜರಿಯುತ್ತಿದ್ದ ಕಾಲವೊಂದಿತ್ತು.

ರೋಗದ ನಿಜವಾದ ಕಾರಣ ಗೋಚರಿಸಿದ್ದು 1880ರಲ್ಲಿ. ಅಲ್ಜೀರಿಯಾದಲ್ಲಿದ್ದ ಫ್ರೆಂಚ್ ಸೇನಾವೈದ್ಯ ಚಾರ್ಲ್ಸ್ ಲಾವೆರಾನ್ ಅವರು ರೋಗಿಯೊಬ್ಬನ ರಕ್ತವನ್ನು ಸೂಕ್ಷ್ಮದರ್ಶಕದ ಅಡಿಯಲ್ಲಿ ಪರೀಕ್ಷಿಸುತ್ತಿದ್ದಾಗ ಅದರಲ್ಲಿ ಚಲಿಸುವ ಜೀವಿಗಳನ್ನು ಕಂಡರು. ಅವು ಬ್ಯಾಕ್ಟೀರಿಯಾಗಳಲ್ಲ, ಅಮೀಬಾದಂತೆ ಒಂದೇ ಜೀವಕೋಶದಿಂದಾದ ಪರೋಪಜೀವಿಗಳು. ಆದರೆ ಈ ಜೀವಿ ಒಬ್ಬರ ರಕ್ತದಿಂದ ಇನ್ನೊಬ್ಬರ ರಕ್ತಕ್ಕೆ ಹೋಗುವುದು ಹೇಗೆ ಎಂಬ ಪ್ರಶ್ನೆ ಹಾಗೆಯೇ ಉಳಿಯಿತು.

ಸಿಕಂದರಾಬಾದಿನ ಶೋಧ

ಈ ಪ್ರಶ್ನೆಗೆ ಉತ್ತರ ದೊರೆತದ್ದು ಭಾರತದ ನೆಲದಲ್ಲಿ. ಅಲ್ಮೋರದಲ್ಲಿ 1857ರಲ್ಲಿ ಜನಿಸಿದ ರೊನಾಲ್ಡ್ ರಾಸ್ ಅವರು 1881ರಲ್ಲಿ ಭಾರತೀಯ ವೈದ್ಯಕೀಯ ಸೇವೆಗೆ ಸೇರಿದರು. 1883ರಲ್ಲಿ ಅವರು ಬೆಂಗಳೂರಿನ ದಂಡಿನಲ್ಲಿದ್ದಾಗ, ನಿಂತ ನೀರನ್ನು ತೆಗೆದುಹಾಕಿದರೆ ಸೊಳ್ಳೆಗಳೂ ಕಡಿಮೆಯಾಗುವುದನ್ನು ಗಮನಿಸಿದ್ದರು. ಆಗ ಅವರಿಗೆ ಸೊಳ್ಳೆ ಕೇವಲ ಉಪದ್ರವವಾಗಿತ್ತು. ರೋಗದೊಡನೆ ಅದಕ್ಕಿರುವ ಸಂಬಂಧ ಹೊಳೆದಿರಲಿಲ್ಲ. ಆನೆಕಾಲು ರೋಗದ ಹುಳುಗಳು ಸೊಳ್ಳೆಯ ಒಡಲಲ್ಲಿ ಬೆಳೆಯುವುದನ್ನು ತೋರಿಸಿದ್ದ ಪ್ಯಾಟ್ರಿಕ್ ಮ್ಯಾನ್ಸನ್ ಅವರು 1894ರಲ್ಲಿ ರಾಸ್ ಅವರ ಗಮನವನ್ನು ಸೊಳ್ಳೆಯ ಕಡೆಗೆ ತಿರುಗಿಸಿದರು.

ಅನಂತರ ರಾಸ್ ಅವರು ಸಿಕ್ಕ ಸಿಕ್ಕ ಸೊಳ್ಳೆಗಳನ್ನೆಲ್ಲ ಸೀಳಿ ಪರೀಕ್ಷಿಸಿದರು. ಬಹುಕಾಲ ಏನೂ ದೊರೆಯಲಿಲ್ಲ. ಅವರು ನೋಡುತ್ತಿದ್ದ ಸೊಳ್ಳೆಗಳ ಜಾತಿಯೇ ಬೇರೆಯಾಗಿದ್ದುದು ಇದಕ್ಕೆ ಕಾರಣ. ಕೊನೆಗೆ 1897ರ ಆಗಸ್ಟ್ ತಿಂಗಳಲ್ಲಿ ಸಿಕಂದರಾಬಾದಿನಲ್ಲಿ, ರೆಕ್ಕೆಯ ಮೇಲೆ ಚುಕ್ಕೆಗಳಿದ್ದ ಸೊಳ್ಳೆಗಳಿಗೆ ಹುಸೇನ್ ಖಾನ್ ಎಂಬ ರೋಗಿಯ ರಕ್ತವನ್ನು ಕುಡಿಸಿದರು. ನಾಲ್ಕು ದಿನಗಳ ಬಳಿಕ, ಆಗಸ್ಟ್ 20ರಂದು, ಅಂತಹ ಒಂದು ಸೊಳ್ಳೆಯ ಜಠರದ ಗೋಡೆಯಲ್ಲಿ ಕಪ್ಪು ಕಣಗಳನ್ನು ಹೊಂದಿದ್ದ ದುಂಡನೆಯ ಕೋಶಗಳು ಕಂಡುಬಂದವು. ಅದೇ ಬಗೆಯ ಕಪ್ಪು ಕಣಗಳು ರೋಗಿಯ ರಕ್ತದ ಪರೋಪಜೀವಿಯಲ್ಲಿಯೂ ಇದ್ದವು. ಮನುಷ್ಯನಿಗೂ ಸೊಳ್ಳೆಗೂ ನಡುವಿನ ಕೊಂಡಿ ಅಂದು ದೊರೆಯಿತು. ಆದುದರಿಂದಲೇ ಆಗಸ್ಟ್ 20ನ್ನು ವಿಶ್ವ ಸೊಳ್ಳೆ ದಿನವೆಂದು ಆಚರಿಸಲಾಗುತ್ತದೆ.

ಮರುವರ್ಷ, 1898ರಲ್ಲಿ, ರಾಸ್ ಅವರು ಕಲ್ಕತ್ತೆಯಲ್ಲಿ ಹಕ್ಕಿಗಳ ಮಲೇರಿಯಾವನ್ನು ಅಭ್ಯಾಸ ಮಾಡಿ, ರೋಗಾಣು ಸೊಳ್ಳೆಯ ಜಠರದಿಂದ ಅದರ ಲಾಲಾಗ್ರಂಥಿಗೆ ಬಂದು, ಕಚ್ಚುವಾಗ ಮತ್ತೊಂದು ಹಕ್ಕಿಯನ್ನು ಸೇರುವುದನ್ನು ತೋರಿಸಿದರು. ಅದೇ ವರ್ಷ ಇಟಲಿಯ ಜೊವಾನ್ನಿ ಬಟಿಸ್ಟಾ ಗ್ರಾಸಿ ಮತ್ತು ಅವರ ಸಂಗಡಿಗರು ಮನುಷ್ಯರ ಮಲೇರಿಯಾವನ್ನು ಹರಡುವುದು ಅನಾಫಿಲಿಸ್ ಸೊಳ್ಳೆಯೆಂದು ಸ್ಥಿರಪಡಿಸಿದರು. ರಾಸ್ ಅವರಿಗೆ 1902ರಲ್ಲಿಯೂ ಲಾವೆರಾನ್ ಅವರಿಗೆ 1907ರಲ್ಲಿಯೂ ನೊಬೆಲ್ ಪಾರಿತೋಷಕ ದೊರೆಯಿತು. ಹೈದರಾಬಾದಿನ ಬೇಗಂಪೇಟೆಯಲ್ಲಿರುವ ಹಳೆಯ ಕಟ್ಟಡವೊಂದು ಇಂದಿಗೂ ಈ ಶೋಧದ ಸ್ಮಾರಕವಾಗಿ ನಿಂತಿದೆ.

ರೋಗಾಣುವಿನ ಪ್ರಭೇದಗಳು

ಮಲೇರಿಯಾ ರೋಗಾಣು ಪ್ಲಾಸ್ಮೋಡಿಯಮ್ ಎಂಬ ಕುಲಕ್ಕೆ ಸೇರಿದೆ. ಮನುಷ್ಯರಲ್ಲಿ ರೋಗವನ್ನುಂಟುಮಾಡುವ ಮುಖ್ಯ ಪ್ರಭೇದಗಳು ನಾಲ್ಕು: ವೈವ್ಯಾಕ್ಸ್, ಫಾಲ್ಸಿಪಾರಮ್, ಮಲೇರಿಯೇ ಮತ್ತು ಓವೇಲ್. ಮಂಗಗಳಲ್ಲಿರುವ ನೋಲೆಸೈ ಎಂಬ ಪ್ರಭೇದವೂ ಆಗ್ನೇಯ ಏಷ್ಯದಲ್ಲಿ ಮನುಷ್ಯರಿಗೆ ತಗಲುತ್ತದೆ. ನಮ್ಮ ದೇಶದಲ್ಲಿ ಕಂಡುಬರುವ ಪ್ರಕರಣಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ವೈವ್ಯಾಕ್ಸ್ ಅಥವಾ ಫಾಲ್ಸಿಪಾರಮ್‌ನಿಂದ ಉಂಟಾದವು. ವೈವ್ಯಾಕ್ಸ್ ಸಾಮಾನ್ಯವಾಗಿ ಜೀವಕ್ಕೆ ಎರವಾಗುವುದಿಲ್ಲ, ಆದರೆ ಮರುಕಳಿಸುತ್ತದೆ. ಫಾಲ್ಸಿಪಾರಮ್ ಮರುಕಳಿಸುವ ಸ್ವಭಾವದ್ದಲ್ಲ. ಆದರೆ ತಕ್ಕ ಚಿಕಿತ್ಸೆ ದೊರೆಯದಿದ್ದರೆ ಕೆಲವೇ ದಿನಗಳಲ್ಲಿ ಪ್ರಾಣವನ್ನು ತೆಗೆಯಬಲ್ಲದು. ಈ ವ್ಯತ್ಯಾಸಕ್ಕೆ ಕಾರಣಗಳು ಜೀವನಚಕ್ರದಲ್ಲಿಯೇ ಇವೆ.

ಮೊದಲನೆಯ ಹಂತ: ಯಕೃತ್ತಿನಲ್ಲಿ

ಸೋಂಕುಳ್ಳ ಹೆಣ್ಣು ಅನಾಫಿಲಿಸ್ ಸೊಳ್ಳೆ ಕಚ್ಚುವಾಗ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ತನ್ನ ಜೊಲ್ಲನ್ನು ಚರ್ಮದೊಳಗೆ ಸೇರಿಸುತ್ತದೆ. ಆ ಜೊಲ್ಲಿನ ಜೊತೆಗೆ ಸೂಜಿಯಾಕಾರದ ಸ್ಪೋರೋಜಾಯಿಟ್‌ಗಳು ನಮ್ಮ ದೇಹವನ್ನು ಪ್ರವೇಶಿಸುತ್ತವೆ. ಇವು ರಕ್ತದಲ್ಲಿ ಬಹಳ ಹೊತ್ತು ಉಳಿಯುವುದಿಲ್ಲ. ಬೇಗನೆ ಯಕೃತ್ತನ್ನು ತಲಪಿ ಅದರ ಜೀವಕೋಶಗಳನ್ನು ಹೊಕ್ಕುಬಿಡುತ್ತವೆ. ಅಲ್ಲಿ ಒಂದೊಂದು ಸ್ಪೋರೋಜಾಯಿಟೂ ಬೆಳೆದು, ಮತ್ತೆ ಮತ್ತೆ ವಿಭಜನೆ ಹೊಂದಿ, ಸುಮಾರು ಒಂದು ವಾರದಲ್ಲಿ ಸಹಸ್ರಾರು ಮೀರೋಜಾಯಿಟ್‌ಗಳಾಗುತ್ತದೆ.

ಈ ಅವಧಿಯಲ್ಲಿ ರೋಗಿಗೆ ಜ್ವರವಾಗಲಿ ನೋವಾಗಲಿ ಇರುವುದಿಲ್ಲ. ರಕ್ತಪರೀಕ್ಷೆಯಲ್ಲಿಯೂ ಏನೂ ಕಾಣುವುದಿಲ್ಲ. ಸೊಳ್ಳೆ ಕಚ್ಚಿದ ಸುಮಾರು ಹತ್ತು ಹದಿನೈದು ದಿನಗಳ ನಂತರವೇ ಜ್ವರ ಬರುವುದಕ್ಕೆ ಇದೇ ಕಾರಣ. ಊರಿಗೆ ಹೋಗಿ ಹಿಂದಿರುಗಿದ ಎರಡು ವಾರಗಳ ಬಳಿಕ ಜ್ವರ ಬಂದರೆ, ಊರಿಗೆ ಹೋಗಿದ್ದ ಸಂಗತಿಯನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು.

ಯಕೃತ್ತಿನ ಈ ಹಂತವನ್ನು ಕಂಡುಹಿಡಿಯಲು ವಿಜ್ಞಾನಿಗಳಿಗೆ ರಾಸ್ ಅವರ ಶೋಧದ ನಂತರ ಅರ್ಧ ಶತಮಾನವೇ ಬೇಕಾಯಿತು. ಹಿಂದೆ ಭಾರತದಲ್ಲಿ ಸೇವೆ ಸಲ್ಲಿಸಿದ್ದ ಹೆನ್ರಿ ಶಾರ್ಟ್ ಮತ್ತು ಅವರ ಸಹೋದ್ಯೋಗಿ ಸಿರಿಲ್ ಗಾರ್ನ್‌ಹ್ಯಾಮ್ 1948ರಲ್ಲಿ ಇದನ್ನು ತೋರಿಸಿಕೊಟ್ಟರು.

ವೈವ್ಯಾಕ್ಸ್ ಮತ್ತು ಓವೇಲ್ ಪ್ರಭೇದಗಳಲ್ಲಿ ಇನ್ನೊಂದು ವಿಶೇಷವಿದೆ. ಯಕೃತ್ತನ್ನು ಹೊಕ್ಕ ಸ್ಪೋರೋಜಾಯಿಟ್‌ಗಳಲ್ಲಿ ಕೆಲವು ಕೂಡಲೆ ಬೆಳೆಯದೆ ನಿದ್ರಾವಸ್ಥೆಯಲ್ಲಿ ಉಳಿದುಬಿಡುತ್ತವೆ. ಇವುಗಳಿಗೆ ಹಿಪ್ನೋಜಾಯಿಟ್ ಎಂದು ಹೆಸರು. ವಾರಗಳು, ತಿಂಗಳುಗಳು, ಕೆಲವೊಮ್ಮೆ ವರ್ಷವೂ ಕಳೆದ ಮೇಲೆ ಇವು ಎಚ್ಚೆತ್ತು ಮತ್ತೆ ಜ್ವರವನ್ನು ತರುತ್ತವೆ. ಹೊಸ ಸೊಳ್ಳೆಯೊಂದು ಕಚ್ಚಲೇಬೇಕೆಂದಿಲ್ಲ.

ಎರಡನೆಯ ಹಂತ: ರಕ್ತದಲ್ಲಿ

ಯಕೃತ್ತಿನಿಂದ ಹೊರಬಂದ ಮೀರೋಜಾಯಿಟ್‌ಗಳು ಕೆಂಪು ರಕ್ತಕಣಗಳನ್ನು ಪ್ರವೇಶಿಸುತ್ತವೆ. ಪ್ರಾರಂಭದಲ್ಲಿ ಅವು ಉಂಗುರದ ಆಕಾರದಲ್ಲಿ ಕಾಣುತ್ತವೆ. ಪ್ರಯೋಗಾಲಯದಲ್ಲಿ ಗಾಜಿನ ಪಟ್ಟಿಯ ಮೇಲೆ ತಂತ್ರಜ್ಞರು ಹುಡುಕುವುದು ಈ ಉಂಗುರಗಳನ್ನು. ರಕ್ತಕಣದೊಳಗಿನ ಹೀಮೊಗ್ಲೋಬಿನ್ ರೋಗಾಣುವಿನ ಆಹಾರ. ಹೀಮೊಗ್ಲೋಬಿನ್ ಜೀರ್ಣವಾದಾಗ ಉಳಿಯುವ, ಕಬ್ಬಿಣವುಳ್ಳ ಹೀಮ್ ಎಂಬ ಭಾಗ ರೋಗಾಣುವಿಗೆ ವಿಷ. ಅದನ್ನು ರೋಗಾಣು ನಿರಪಾಯಕರವಾದ ಹರಳುಗಳನ್ನಾಗಿ ಪರಿವರ್ತಿಸಿಕೊಳ್ಳುತ್ತದೆ. ಹೀಮೊಜೋಯಿನ್ ಎಂಬ ಈ ಹರಳುಗಳೇ ರಾಸ್ ಅವರಿಗೆ ದಾರಿ ತೋರಿದ ಕಪ್ಪು ಕಣಗಳು. ಕ್ಲೋರೋಕ್ವಿನ್ ಔಷಧಿ ಈ ಹರಳುಗಟ್ಟುವ ಕ್ರಿಯೆಯನ್ನು ತಡೆಯುತ್ತದೆ. ರೋಗಾಣು ತಾನು ಉಂಡ ಆಹಾರದ ವಿಷದಿಂದಲೇ ಸಾಯುತ್ತದೆ.

ರಕ್ತಕಣದೊಳಗೆ ರೋಗಾಣು ಬೆಳೆದು, ವಿಭಜಿಸಿ, ಸುಮಾರು 8ರಿಂದ 24 ಹೊಸ ಮೀರೋಜಾಯಿಟ್‌ಗಳಾಗುತ್ತದೆ. ಆಗ ರಕ್ತಕಣವು ಒಡೆಯುತ್ತದೆ. ಹೊರಬಂದ ಮೀರೋಜಾಯಿಟ್‌ಗಳು ಹೊಸ ರಕ್ತಕಣಗಳನ್ನು ಹೊಗುತ್ತವೆ. ಒಡೆದ ಕಣಗಳಿಂದ ಹೊರಬೀಳುವ ತ್ಯಾಜ್ಯವಸ್ತುಗಳು ನಮ್ಮ ರೋಗನಿರೋಧಕ ಕೋಶಗಳನ್ನು ಕೆರಳಿಸುತ್ತವೆ. ಆ ಕೋಶಗಳು ಸ್ರವಿಸುವ ರಾಸಾಯನಿಕಗಳು ಮೆದುಳಿನ ಉಷ್ಣನಿಯಂತ್ರಣ ಕೇಂದ್ರವನ್ನು ಏರುಮಟ್ಟಕ್ಕೆ ತಿರುಗಿಸುತ್ತವೆ. ದೇಹ ತನ್ನನ್ನು ತಾನು ಬಿಸಿಮಾಡಿಕೊಳ್ಳಲು ಯತ್ನಿಸುವುದರಿಂದ ಮೊದಲು ಮೈ ನಡುಗುವ ಚಳಿ, ಅನಂತರ ಸುಡುವ ಜ್ವರ, ಕೊನೆಗೆ ಮೈಯೆಲ್ಲ ಬೆವರು ಬರುತ್ತವೆ. ವೈವ್ಯಾಕ್ಸ್, ಫಾಲ್ಸಿಪಾರಮ್ ಮತ್ತು ಓವೇಲ್‌ಗಳಲ್ಲಿ ಈ ಚಕ್ರಕ್ಕೆ 48 ಗಂಟೆಗಳೂ ಮಲೇರಿಯೇ ಪ್ರಭೇದದಲ್ಲಿ 72 ಗಂಟೆಗಳೂ ಬೇಕು. ದಿನ ಬಿಟ್ಟು ದಿನ ಜ್ವರ ಬರುವುದಕ್ಕೆ ಇದೇ ಕಾರಣ. ಆದರೆ ಪ್ರಾರಂಭದ ದಿನಗಳಲ್ಲಿ, ಅದರಲ್ಲೂ ಫಾಲ್ಸಿಪಾರಮ್ ಸೋಂಕಿನಲ್ಲಿ, ಜ್ವರ ಪ್ರತಿದಿನವೂ ಬರಬಹುದು. ದಿನ ಬಿಟ್ಟು ದಿನ ಬರುತ್ತಿಲ್ಲವಾದ್ದರಿಂದ ಇದು ಮಲೇರಿಯಾ ಅಲ್ಲವೆಂದು ತೀರ್ಮಾನಿಸುವುದು ಅಪಾಯಕರ.

ಫಾಲ್ಸಿಪಾರಮ್ ಏಕೆ ಮಾರಕ? ಅದು ಹೊಕ್ಕ ರಕ್ತಕಣದ ಮೇಲ್ಮೈಯಲ್ಲಿ ಸಣ್ಣ ಗುಬುಟುಗಳು ಏಳುತ್ತವೆ. ಇವುಗಳಿಂದಾಗಿ ರಕ್ತಕಣಗಳು ಸೂಕ್ಷ್ಮ ರಕ್ತನಾಳಗಳ ಒಳಗೋಡೆಗೆ ಅಂಟಿಕೊಳ್ಳುತ್ತವೆ. ಹೀಗೆ ಅಂಟಿಕೊಂಡ ಕಣಗಳು ಗುಲ್ಮಕ್ಕೆ ಹೋಗಿ ನಾಶವಾಗುವುದನ್ನು ತಪ್ಪಿಸಿಕೊಳ್ಳುತ್ತವೆ. ಆದರೆ ನಾಳಗಳಲ್ಲಿ ರಕ್ತಸಂಚಾರಕ್ಕೆ ತಡೆಯುಂಟಾಗುತ್ತದೆ. ಮೆದುಳಿನಲ್ಲಿ ಹೀಗಾದರೆ ರೋಗಿಗೆ ಪ್ರಜ್ಞೆ ತಪ್ಪುತ್ತದೆ, ಅಪಸ್ಮಾರದಂತಹ ಸೆಳೆತ ಬರುತ್ತದೆ. ಮೂತ್ರಪಿಂಡ, ಶ್ವಾಸಕೋಶಗಳೂ ಹಾನಿಗೊಳ್ಳಬಹುದು. ಚಿಕ್ಕ ಮಕ್ಕಳಿಗೂ ಗರ್ಭಿಣಿಯರಿಗೂ ಈ ಅಪಾಯ ಹೆಚ್ಚು.

ಮೂರನೆಯ ಹಂತ: ಸೊಳ್ಳೆಯಲ್ಲಿ

ರಕ್ತದಲ್ಲಿರುವ ರೋಗಾಣುಗಳಲ್ಲಿ ಕೆಲವು ವಿಭಜನೆಯನ್ನು ನಿಲ್ಲಿಸಿ ಗಂಡು ಮತ್ತು ಹೆಣ್ಣು ಗ್ಯಾಮಿಟೋಸೈಟ್‌ಗಳಾಗುತ್ತವೆ. ಇವು ಮನುಷ್ಯನ ದೇಹದಲ್ಲಿ ಮುಂದೆ ಬೆಳೆಯಲಾರವು. ಅನಾಫಿಲಿಸ್ ಸೊಳ್ಳೆ ಆ ರೋಗಿಯ ರಕ್ತವನ್ನು ಹೀರಿದಾಗ ಮಾತ್ರ ಇವುಗಳ ಬೆಳವಣಿಗೆ ಮುಂದುವರಿಯುತ್ತದೆ. ಸೊಳ್ಳೆಯ ಜಠರದಲ್ಲಿ ಒಂದು ಗಂಡು ಗ್ಯಾಮಿಟೋಸೈಟಿನಿಂದ ಬಾಲವುಳ್ಳ ಎಂಟು ಗಂಡು ಲಿಂಗಾಣುಗಳು ಹುಟ್ಟುತ್ತವೆ. ಲಾವೆರಾನ್ ಅವರು ಕಂಡ ಚಲಿಸುವ ಎಳೆಗಳು ಇವೇ. ಗಂಡು ಲಿಂಗಾಣು ಹೆಣ್ಣು ಲಿಂಗಾಣುವಿನೊಡನೆ ಕೂಡಿ ಯುಗ್ಮಜವಾಗುತ್ತದೆ. ಯುಗ್ಮಜವು ಚಲಿಸುವ ಊಕೈನೀಟ್ ಆಗಿ, ಜಠರದ ಗೋಡೆಯನ್ನು ಭೇದಿಸಿ, ಹೊರಮೈಯಲ್ಲಿ ಊಸಿಸ್ಟ್ ಎಂಬ ಗುಳ್ಳೆಯಾಗುತ್ತದೆ. ಊಸಿಸ್ಟ್ ಒಡೆದಾಗ ಸಾವಿರಾರು ಸ್ಪೋರೋಜಾಯಿಟ್‌ಗಳು ಹೊರಬಂದು ಲಾಲಾಗ್ರಂಥಿಯನ್ನು ಸೇರುತ್ತವೆ. ಇಲ್ಲಿಗೆ ಚಕ್ರ ಪೂರ್ಣವಾಗುತ್ತದೆ.

ಲೈಂಗಿಕ ಸಂಯೋಗ ನಡೆಯುವುದು ಸೊಳ್ಳೆಯಲ್ಲಿ. ಆದ್ದರಿಂದ ಜೀವಶಾಸ್ತ್ರದ ನಿಯಮದಂತೆ ಸೊಳ್ಳೆಯೇ ರೋಗಾಣುವಿನ ಪ್ರಾಥಮಿಕ ಆತಿಥೇಯ. ಮನುಷ್ಯ ದ್ವಿತೀಯಕ ಆತಿಥೇಯ. ವಿದ್ಯಾರ್ಥಿಗಳು ಈ ಎರಡನ್ನು ಅದಲುಬದಲು ಮಾಡಿ ಬರೆಯುವುದುಂಟು.

ಸೊಳ್ಳೆಯ ಆಯುಸ್ಸಿನ ಲೆಕ್ಕ

ಸೊಳ್ಳೆಯ ದೇಹದಲ್ಲಿ ಈ ಬೆಳವಣಿಗೆಗೆ ಬೆಚ್ಚಗಿನ ಹವೆಯಲ್ಲಿ ಸುಮಾರು 10ರಿಂದ 14 ದಿನಗಳು ಬೇಕು. ಚಳಿ ಹೆಚ್ಚಾದಂತೆ ಅವಧಿಯೂ ಹೆಚ್ಚುತ್ತದೆ. ಉಷ್ಣತೆ ಸುಮಾರು 16 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆಯಾದರೆ ಬೆಳವಣಿಗೆಯೇ ನಿಂತುಹೋಗುತ್ತದೆ. ದೆಹಲಿಯಲ್ಲಿ ಚಳಿಗಾಲಕ್ಕೆ ಮಲೇರಿಯಾ ಇಳಿಮುಖವಾಗಲು ಇದೂ ಒಂದು ಕಾರಣ. ರೋಗಿಯ ರಕ್ತ ಹೀರಿದ ಸೊಳ್ಳೆ ಇಷ್ಟು ದಿನ ಬದುಕಿ ಉಳಿದರೆ ಮಾತ್ರ ಅದರಿಂದ ರೋಗ ಹರಡುತ್ತದೆ.

ಒಂದು ಸರಳ ಲೆಕ್ಕವನ್ನು ಮಾಡೋಣ. ರೋಗಿಯ ರಕ್ತ ಹೀರಿದ 100 ಸೊಳ್ಳೆಗಳಿವೆ, ಪ್ರತಿದಿನ ಅವುಗಳಲ್ಲಿ ನೂರಕ್ಕೆ ಹತ್ತರಂತೆ ಸಾಯುತ್ತವೆ ಎಂದು ಭಾವಿಸೋಣ. ಹನ್ನೆರಡು ದಿನಗಳ ಬಳಿಕ ಉಳಿಯುವ ಸೊಳ್ಳೆಗಳು ಸುಮಾರು 28. ಈಗ ಮನೆಯ ಗೋಡೆಗೆ ಕೀಟನಾಶಕ ಸಿಂಪಡಿಸಿದ್ದರಿಂದ ಪ್ರತಿದಿನ ನೂರಕ್ಕೆ ಇಪ್ಪತ್ತರಂತೆ ಸಾಯುತ್ತವೆ ಎಂದುಕೊಳ್ಳೋಣ. ಹನ್ನೆರಡು ದಿನಗಳ ಬಳಿಕ ಉಳಿಯುವವು ಸುಮಾರು 7 ಮಾತ್ರ. ದೈನಂದಿನ ಸಾವು ಎರಡು ಪಟ್ಟಾದರೆ ಅಪಾಯಕಾರಿ ಸೊಳ್ಳೆಗಳು ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತವೆ. ಸೊಳ್ಳೆಗಳನ್ನು ಸಂಪೂರ್ಣವಾಗಿ ನಿರ್ಮೂಲ ಮಾಡದೆಯೂ ಮಲೇರಿಯಾವನ್ನು ತಗ್ಗಿಸಲು ಸಾಧ್ಯವೆಂಬುದಕ್ಕೆ ಈ ಲೆಕ್ಕವೇ ಆಧಾರ. ರಕ್ತ ಹೀರಿದ ಸೊಳ್ಳೆ ಭಾರವಾದ ಒಡಲಿನೊಡನೆ ಗೋಡೆಯ ಮೇಲೆ ವಿಶ್ರಮಿಸುವ ಅಭ್ಯಾಸವುಳ್ಳದ್ದಾದುದರಿಂದಲೇ ಗೋಡೆಗೆ ಔಷಧಿ ಸಿಂಪಡಿಸುತ್ತಾರೆ.

ಅನಾಫಿಲಿಸ್ ಸೊಳ್ಳೆಯನ್ನು ಗುರುತಿಸುವುದು

ಗಂಡು ಸೊಳ್ಳೆ ಹೂವಿನ ರಸ, ಸಸ್ಯರಸಗಳಿಂದ ಜೀವಿಸುತ್ತದೆ, ಅದು ಕಚ್ಚುವುದಿಲ್ಲ. ಮೊಟ್ಟೆಗಳ ಬೆಳವಣಿಗೆಗೆ ಪ್ರೋಟೀನು ಬೇಕಾಗಿರುವುದರಿಂದ ಹೆಣ್ಣು ಸೊಳ್ಳೆ ರಕ್ತವನ್ನು ಹೀರುತ್ತದೆ. ಅನಾಫಿಲಿಸ್ ಗೋಡೆಯ ಮೇಲೆ ಕುಳಿತಾಗ ತಲೆ ತಗ್ಗಿಸಿ, ಹಿಂಭಾಗವನ್ನು ಮೇಲೆತ್ತಿ, ಓರೆಯಾಗಿ ನಿಲ್ಲುತ್ತದೆ. ಕ್ಯೂಲೆಕ್ಸ್ ಮತ್ತು ಈಡಿಸ್ ಸೊಳ್ಳೆಗಳ ಮೈ ಗೋಡೆಗೆ ಸಮಾನಾಂತರವಾಗಿರುತ್ತದೆ. ಅನಾಫಿಲಿಸ್ ಮೊಟ್ಟೆಗಳನ್ನು ನೀರಿನ ಮೇಲೆ ಬಿಡಿಬಿಡಿಯಾಗಿ ಇಡುತ್ತದೆ. ಕ್ಯೂಲೆಕ್ಸ್ ತೆಪ್ಪದಂತೆ ಒಟ್ಟಾಗಿ ಇಡುತ್ತದೆ. ಅನಾಫಿಲಿಸ್ ಮರಿಹುಳು ನೀರಿನ ಮೇಲ್ಮೈಗೆ ಸಮಾನಾಂತರವಾಗಿ ಮಲಗಿರುತ್ತದೆ. ಕ್ಯೂಲೆಕ್ಸ್ ಮರಿಹುಳು ಉಸಿರಾಟದ ನಳಿಕೆಯನ್ನು ಮೇಲೆ ಚಾಚಿ ತಲೆಕೆಳಗಾಗಿ ತೂಗಾಡುತ್ತದೆ. ಡೆಂಗೆ ಹರಡುವ ಈಡಿಸ್ ಹಗಲಿನಲ್ಲಿ ಕಚ್ಚಿದರೆ, ಅನಾಫಿಲಿಸ್ ಕಚ್ಚುವುದು ಮುಸ್ಸಂಜೆಯಿಂದ ಮುಂಜಾವಿನವರೆಗೆ. ಆದುದರಿಂದ ರಾತ್ರಿ ಮಲಗುವಾಗ ಸೊಳ್ಳೆಪರದೆ ಮಲೇರಿಯಾಕ್ಕೆ ತಕ್ಕ ರಕ್ಷಣೆ.

ನಗರದ ಸೊಳ್ಳೆ

ಭಾರತದಲ್ಲಿ ಅನಾಫಿಲಿಸ್ ಕುಲದ ಅನೇಕ ಪ್ರಭೇದಗಳಿದ್ದರೂ ರೋಗವನ್ನು ಹರಡುವವು ಕೆಲವೇ. ಹಳ್ಳಿಗಾಡಿನ ಕಾಲುವೆ, ಹೊಂಡಗಳಲ್ಲಿ ಕ್ಯುಲಿಸಿಫೇಸೀಸ್ ಪ್ರಭೇದವೂ, ಮಲೆನಾಡಿನ ಹರಿಯುವ ತೊರೆಗಳಲ್ಲಿ ಫ್ಲುವಿಯಾಟಿಲಿಸ್ ಪ್ರಭೇದವೂ ಬೆಳೆಯುತ್ತವೆ. ನಗರಗಳಲ್ಲಿ ಮುಖ್ಯವಾದುದು ಸ್ಟೀಫೆನ್ಸೈ. ಇದು ಚರಂಡಿಯ ಕೊಳಕು ನೀರಿಗಿಂತ ತಿಳಿನೀರನ್ನು ಇಷ್ಟಪಡುತ್ತದೆ. ಮಾಳಿಗೆಯ ಮೇಲಿನ ತೊಟ್ಟಿ, ಬಾವಿ, ನೆಲದಡಿಯ ಸಂಪು, ಕಾರಂಜಿ, ಕಟ್ಟಡ ನಿರ್ಮಾಣದ ಸ್ಥಳದಲ್ಲಿ ಕಾಂಕ್ರೀಟಿಗೆ ನಿಲ್ಲಿಸಿದ ನೀರು, ಇವೇ ಅದರ ತವರು. ತಮ್ಮ ಮನೆಯ ಸುತ್ತ ಕೊಳಕಿಲ್ಲವಾದ್ದರಿಂದ ಮಲೇರಿಯಾ ಬರಲಾರದು ಎಂದು ನಂಬುವವರು ಇದನ್ನು ಗಮನಿಸಬೇಕು.

ಮುಂಬಯಿಯ ಅನುಭವ ಇದಕ್ಕೆ ಹಳೆಯ ನಿದರ್ಶನ. ಅಲ್ಲಿಯ ಮಲೇರಿಯಾವನ್ನು ಕುರಿತು ಚಾರ್ಲ್ಸ್ ಬೆಂಟ್ಲಿ ಅವರು ನಡೆಸಿದ ವಿಚಾರಣೆಯ ವರದಿ 1911ರಲ್ಲಿ ಪ್ರಕಟವಾಯಿತು. ಮನೆಗಳ ಆವರಣದಲ್ಲಿದ್ದ ಬಾವಿಗಳೂ ತೊಟ್ಟಿಗಳೂ ರೋಗದ ಮೂಲಗಳೆಂದು ಅದು ತೋರಿಸಿತು. ಅನಂತರ ಬಾವಿಗಳನ್ನು ಮುಚ್ಚಿಸುವ, ತೊಟ್ಟಿಗಳಿಗೆ ಸೊಳ್ಳೆ ನುಸುಳದ ಮುಚ್ಚಳ ಹಾಕಿಸುವ ಕ್ರಮಗಳನ್ನು ಕೈಗೊಳ್ಳಲಾಯಿತು. ಚೆನ್ನೈಯಲ್ಲಿಯೂ ಬಾವಿ ಮತ್ತು ಮಾಳಿಗೆಯ ತೊಟ್ಟಿಗಳೇ ಈ ಸೊಳ್ಳೆಯ ಮುಖ್ಯ ನೆಲೆ. ಮಂಗಳೂರಿನಲ್ಲಿ 1990ರ ದಶಕದಿಂದ ಕಟ್ಟಡ ನಿರ್ಮಾಣ ಹೆಚ್ಚಿದಂತೆ ಮಲೇರಿಯಾವೂ ಹರಡಿತು. ಇದೇ ಸ್ಟೀಫೆನ್ಸೈ ಸೊಳ್ಳೆ 2012ರಲ್ಲಿ ಆಫ್ರಿಕದ ಜಿಬೂಟಿಯಲ್ಲಿ ಕಂಡುಬಂದು, ಈಗ ಆ ಖಂಡದ ಹಲವು ದೇಶಗಳಿಗೆ ಹೊಸ ಚಿಂತೆಯನ್ನು ತಂದಿದೆ.

ಬೇಸಗೆಯಲ್ಲಿ ಸೊಳ್ಳೆಯ ಮೊಟ್ಟೆ ಬೆಳೆದು ಹಾರುವ ಸೊಳ್ಳೆಯಾಗಲು ಒಂದು ವಾರದಿಂದ ಹತ್ತು ದಿನಗಳು ಸಾಕು. ವಾರಕ್ಕೊಮ್ಮೆ ನೀರಿನ ಪಾತ್ರೆಗಳನ್ನು ಬರಿದುಮಾಡಿ, ಉಜ್ಜಿ ಒಣಗಿಸಬೇಕೆಂದು ಹೇಳುವುದು ಇದರಿಂದಲೇ. ತಿಂಗಳಿಗೊಮ್ಮೆ ಮಾಡಿದರೆ ಪ್ರಯೋಜನವಾಗದು.

ಪರೀಕ್ಷೆ ಮತ್ತು ಚಿಕಿತ್ಸೆ

ಜ್ವರ ಬಂದಾಗ ರಕ್ತಪರೀಕ್ಷೆಯಿಲ್ಲದೆ ಅದು ಮಲೇರಿಯಾ ಹೌದೋ ಅಲ್ಲವೋ ಎಂದು ಹೇಳಲಾಗದು. ಬೆರಳ ತುದಿಯಿಂದ ತೆಗೆದ ಒಂದೆರಡು ಹನಿ ರಕ್ತವನ್ನು ಗಾಜಿನ ಪಟ್ಟಿಯ ಮೇಲೆ ದಪ್ಪ ಮತ್ತು ತೆಳು ಲೇಪಗಳಾಗಿ ಹರಡುತ್ತಾರೆ. ದಪ್ಪ ಲೇಪದಲ್ಲಿ ಹೆಚ್ಚು ರಕ್ತವಿರುವುದರಿಂದ ರೋಗಾಣು ಇದೆಯೇ ಎಂಬುದು ತಿಳಿಯುತ್ತದೆ; ತೆಳು ಲೇಪದಲ್ಲಿ ಪ್ರಭೇದ ಯಾವುದೆಂಬುದು ತಿಳಿಯುತ್ತದೆ. ಸೂಕ್ಷ್ಮದರ್ಶಕದ ಸೌಲಭ್ಯವಿಲ್ಲದ ಕಡೆ ರೋಗಾಣುವಿನ ಪ್ರೋಟೀನುಗಳನ್ನು ಪತ್ತೆಹಚ್ಚುವ ತ್ವರಿತ ಪರೀಕ್ಷಾ ಪಟ್ಟಿಗಳನ್ನು ಬಳಸುತ್ತಾರೆ. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಪರೀಕ್ಷೆಯೂ ಚಿಕಿತ್ಸೆಯೂ ಉಚಿತ.

ವೈವ್ಯಾಕ್ಸ್ ಎಂದು ಖಚಿತವಾದರೆ ಮೂರು ದಿನ ಕ್ಲೋರೋಕ್ವಿನ್ ಮತ್ತು ಹದಿನಾಲ್ಕು ದಿನ ಪ್ರೈಮಾಕ್ವಿನ್ ಕೊಡುವುದು ನಮ್ಮ ರಾಷ್ಟ್ರೀಯ ಚಿಕಿತ್ಸಾಕ್ರಮ. ಕ್ಲೋರೋಕ್ವಿನ್ ರಕ್ತದಲ್ಲಿರುವ ರೋಗಾಣುವನ್ನು ಕೊಲ್ಲುತ್ತದೆ; ಎರಡು ಮೂರು ದಿನಗಳಲ್ಲಿ ಜ್ವರ ಇಳಿಯುತ್ತದೆ. ಆದರೆ ಯಕೃತ್ತಿನಲ್ಲಿ ನಿದ್ರಿಸುತ್ತಿರುವ ಹಿಪ್ನೋಜಾಯಿಟ್‌ಗಳಿಗೆ ಅದರಿಂದ ಏನೂ ಆಗುವುದಿಲ್ಲ. ಅವುಗಳನ್ನು ನಾಶಮಾಡುವುದು ಪ್ರೈಮಾಕ್ವಿನ್. ಜ್ವರ ಬಿಟ್ಟಿತೆಂದು ನಾಲ್ಕನೆಯ ದಿನವೇ ಮಾತ್ರೆ ನಿಲ್ಲಿಸಿದವರಿಗೆ ಕೆಲವು ತಿಂಗಳ ನಂತರ ಜ್ವರ ಮರುಕಳಿಸಬಹುದು. ಆಗ ಅವರ ರಕ್ತದಿಂದ ಸೊಳ್ಳೆಯ ಮೂಲಕ ನೆರೆಹೊರೆಯವರಿಗೂ ರೋಗ ಹರಡಬಹುದು.

ಪ್ರೈಮಾಕ್ವಿನ್ ಎಲ್ಲರಿಗೂ ಕೊಡುವ ಔಷಧಿಯಲ್ಲ. ಗರ್ಭಿಣಿಯರಿಗೂ ಹಸುಳೆಗಳಿಗೂ ಕೊಡುವುದಿಲ್ಲ. ಜಿ-6-ಪಿಡಿ ಎಂಬ ಕಿಣ್ವದ ಕೊರತೆಯುಳ್ಳವರಲ್ಲಿ ಇದು ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಔಷಧಿ ಸೇವಿಸುವಾಗ ಮೂತ್ರ ಕಪ್ಪಾದರೆ ಅಥವಾ ಕಣ್ಣು ಹಳದಿಯಾದರೆ ಮಾತ್ರೆ ನಿಲ್ಲಿಸಿ ಕೂಡಲೆ ವೈದ್ಯರನ್ನು ಕಾಣಬೇಕು.

ಫಾಲ್ಸಿಪಾರಮ್‌ಗೆ ಕ್ಲೋರೋಕ್ವಿನ್ ಈಗ ಉಪಯೋಗಕ್ಕೆ ಬಾರದು. ಈ ಔಷಧಿಗೆ ಬಗ್ಗದ ಫಾಲ್ಸಿಪಾರಮ್ ನಮ್ಮ ದೇಶದಲ್ಲಿ ಮೊದಲು ವರದಿಯಾದದ್ದು 1973ರಲ್ಲಿ, ಅಸ್ಸಾಮಿನಿಂದ. ಈಗ ಆರ್ಟೆಮಿಸಿನಿನ್ ವರ್ಗದ ಔಷಧಿಯನ್ನು ಇನ್ನೊಂದು ಔಷಧಿಯೊಡನೆ ಸೇರಿಸಿ ಕೊಡುತ್ತಾರೆ. ಎರಡಕ್ಕೂ ಒಟ್ಟಿಗೆ ನಿರೋಧ ಬೆಳೆಸಿಕೊಳ್ಳುವುದು ರೋಗಾಣುವಿಗೆ ಕಷ್ಟ ಎಂಬುದು ಇದರ ತತ್ತ್ವ. ಚೀನದ ತೂ ಯೂಯೂ ಮತ್ತು ಅವರ ಸಂಗಡಿಗರು 1970ರ ದಶಕದ ಆರಂಭದಲ್ಲಿ ಒಂದು ಮೂಲಿಕೆಯಿಂದ ಬೇರ್ಪಡಿಸಿದ ಈ ಔಷಧಿಗಾಗಿ ಆಕೆಗೆ 2015ರ ನೊಬೆಲ್ ಪಾರಿತೋಷಕ ಸಂದಿತು. ಫಾಲ್ಸಿಪಾರಮ್ ರೋಗಿಗೂ ಒಂದು ಸಲ ಪ್ರೈಮಾಕ್ವಿನ್ ಕೊಡುತ್ತಾರೆ. ಇದು ಯಕೃತ್ತಿಗಾಗಿ ಅಲ್ಲ; ರಕ್ತದಲ್ಲಿ ಉಳಿದ ಗ್ಯಾಮಿಟೋಸೈಟ್‌ಗಳನ್ನು ಕೊಂದು, ಸೊಳ್ಳೆಗೆ ರೋಗಾಣು ದಾಟದಂತೆ ತಡೆಯಲು. ಔಷಧಿ ಒಂದೇ ಆದರೂ ಚಕ್ರದಲ್ಲಿ ಅದು ತುಂಡರಿಸುವ ಜಾಗ ಬೇರೆ.

ರಕ್ತಕಣವೇ ರಕ್ಷಣೆಯಾದಾಗ

ಮಲೇರಿಯಾ ಮನುಷ್ಯನ ಅನುವಂಶೀಯತೆಯ ಮೇಲೂ ಗುರುತನ್ನು ಬಿಟ್ಟಿದೆ. ಕುಡುಗೋಲು ಕಣ ರೋಗದ ಜೀನು ತಂದೆತಾಯಿ ಇಬ್ಬರಿಂದಲೂ ಬಂದರೆ ತೀವ್ರವಾದ ರಕ್ತಹೀನತೆ ಉಂಟಾಗುತ್ತದೆ. ಒಬ್ಬರಿಂದ ಮಾತ್ರ ಬಂದವರು ಸಾಮಾನ್ಯವಾಗಿ ಆರೋಗ್ಯವಂತರಾಗಿರುತ್ತಾರೆ. ಅಷ್ಟೇ ಅಲ್ಲ, ತೀವ್ರ ಫಾಲ್ಸಿಪಾರಮ್ ಮಲೇರಿಯಾದಿಂದ ಅವರಿಗೆ ರಕ್ಷಣೆಯೂ ಉಂಟು. ಆಂಥೊನಿ ಆಲಿಸನ್ ಅವರು 1954ರಲ್ಲಿ ಆಫ್ರಿಕದಲ್ಲಿ ಇದನ್ನು ತೋರಿಸಿದರು. ನಮ್ಮ ದೇಶದಲ್ಲಿ ಈ ಜೀನು ನೀಲಗಿರಿಯ ಬುಡಕಟ್ಟುಗಳಲ್ಲಿ ಕಂಡುಬಂದದ್ದು 1952ರಲ್ಲಿ. ಹಾನಿಕರವಾದ ಜೀನೊಂದು ಜನಾಂಗದಲ್ಲಿ ಉಳಿದುಬರುವುದು ಹೇಗೆ ಎಂಬುದಕ್ಕೆ ನಿಸರ್ಗದ ಆಯ್ಕೆಯ ಸ್ಪಷ್ಟವಾದ ಉದಾಹರಣೆ ಇದು.

ದೇಶದ ಅನುಭವ

ಸ್ವಾತಂತ್ರ್ಯ ಬಂದ ಕಾಲದಲ್ಲಿ ದೇಶದಲ್ಲಿ ವರ್ಷಕ್ಕೆ ಸುಮಾರು 7.5 ಕೋಟಿ ಜನ ಮಲೇರಿಯಾಕ್ಕೆ ತುತ್ತಾಗುತ್ತಿದ್ದರೆಂದೂ ಸುಮಾರು 8 ಲಕ್ಷ ಜನ ಸಾಯುತ್ತಿದ್ದರೆಂದೂ ಅಂದಾಜು. ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ 1953ರಲ್ಲಿ ಆರಂಭವಾಯಿತು. ಡಿ.ಡಿ.ಟಿ. ಸಿಂಪಡಣೆಯಿಂದ ದೊರೆತ ಫಲವನ್ನು ಕಂಡು 1958ರಲ್ಲಿ ಅದನ್ನು ನಿರ್ಮೂಲನ ಕಾರ್ಯಕ್ರಮವಾಗಿ ಪರಿವರ್ತಿಸಲಾಯಿತು. 1965ರ ವೇಳೆಗೆ ಪ್ರಕರಣಗಳು ಸುಮಾರು ಒಂದು ಲಕ್ಷಕ್ಕೆ ಇಳಿದವು. ರೋಗ ತೊಲಗಿತೆಂಬ ಭಾವನೆ ಮೂಡಿತು. ಆದರೆ ಸೊಳ್ಳೆಗಳು ಕೀಟನಾಶಕಕ್ಕೆ ನಿರೋಧವನ್ನು ಬೆಳೆಸಿಕೊಂಡವು, ಕಾವಲು ಸಡಿಲವಾಯಿತು, ನಗರಗಳು ಬೆಳೆದವು. 1976ರಲ್ಲಿ ಪ್ರಕರಣಗಳ ಸಂಖ್ಯೆ ಸುಮಾರು 64 ಲಕ್ಷಕ್ಕೆ ಏರಿತು.

ಅನಂತರದ ದಶಕಗಳ ಪ್ರಯತ್ನದಿಂದ ರೋಗ ಮತ್ತೆ ಇಳಿಮುಖವಾಗಿದೆ. ಸರ್ಕಾರಕ್ಕೆ ವರದಿಯಾದ ಪ್ರಕರಣಗಳು 2015ರಲ್ಲಿ 11.69 ಲಕ್ಷವಿದ್ದವು; 2023ರಲ್ಲಿ 2.27 ಲಕ್ಷಕ್ಕೆ ಇಳಿದವು. ಮರಣಗಳು 384ರಿಂದ 83ಕ್ಕೆ ಇಳಿದವು. 2016ರಲ್ಲಿ ಪ್ರಕಟವಾದ ರಾಷ್ಟ್ರೀಯ ಚೌಕಟ್ಟಿನ ಪ್ರಕಾರ 2030ರ ವೇಳೆಗೆ ದೇಶವನ್ನು ಮಲೇರಿಯಾಮುಕ್ತಗೊಳಿಸುವುದು ಗುರಿ. ಸಂಖ್ಯೆ ಕಡಿಮೆಯಾದಾಗಲೇ ಎಚ್ಚರ ಹೆಚ್ಚಬೇಕೆಂಬುದು 1965ರಿಂದ 1976ರವರೆಗಿನ ಅನುಭವ ಕಲಿಸಿದ ಪಾಠ.

ಲಸಿಕೆಗಳೂ ಈಗ ಸಿದ್ಧವಾಗಿವೆ. ಆರ್‌ಟಿಎಸ್,ಎಸ್ ಲಸಿಕೆಗೆ 2021ರಲ್ಲಿಯೂ ಆರ್21 ಲಸಿಕೆಗೆ 2023ರಲ್ಲಿಯೂ ವಿಶ್ವ ಆರೋಗ್ಯ ಸಂಸ್ಥೆಯ ಶಿಫಾರಸು ದೊರೆಯಿತು. ಎರಡನೆಯದನ್ನು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ರೂಪಿಸಿತು. ತಯಾರಿಸುತ್ತಿರುವುದು ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್. ಇವೆರಡೂ ಫಾಲ್ಸಿಪಾರಮ್‌ನ ಸ್ಪೋರೋಜಾಯಿಟ್ ಯಕೃತ್ತನ್ನು ಸೇರುವ ಮುನ್ನವೇ ಅದನ್ನು ಎದುರಿಸಲು ದೇಹವನ್ನು ಸಜ್ಜುಗೊಳಿಸುತ್ತವೆ. ಆಫ್ರಿಕದ ಮಕ್ಕಳಿಗೆ ಇವನ್ನು ಕೊಡಲಾಗುತ್ತಿದೆ. ವೈವ್ಯಾಕ್ಸ್‌ನಿಂದ ಇವು ರಕ್ಷಣೆ ನೀಡುವುದಿಲ್ಲ. ಆದುದರಿಂದ ನಮ್ಮ ನಗರಗಳಲ್ಲಿ ಹಳೆಯ ಕ್ರಮಗಳ ಪ್ರಾಮುಖ್ಯ ಕಡಿಮೆಯಾಗಿಲ್ಲ.

ನೆನಪಿನಲ್ಲಿಡಬೇಕಾದ ಅಂಶಗಳು

1. ಮನುಷ್ಯನಿಗೆ ಸೋಂಕು ತರುವ ರೂಪ ಸ್ಪೋರೋಜಾಯಿಟ್. ಸೊಳ್ಳೆಗೆ ಸೋಂಕು ತರುವ ರೂಪ ಗ್ಯಾಮಿಟೋಸೈಟ್.

2. ಅಲೈಂಗಿಕ ವೃದ್ಧಿ ನಡೆಯುವುದು ಮನುಷ್ಯನ ಯಕೃತ್ತು ಮತ್ತು ಕೆಂಪು ರಕ್ತಕಣಗಳಲ್ಲಿ. ಲೈಂಗಿಕ ಸಂಯೋಗ ನಡೆಯುವುದು ಸೊಳ್ಳೆಯ ಜಠರದಲ್ಲಿ.

3. ಚಳಿ ಮತ್ತು ಜ್ವರ ಬರುವುದು ರಕ್ತಕಣಗಳು ಒಡೆಯುವಾಗ. ಯಕೃತ್ತಿನ ಹಂತದಲ್ಲಿ ಲಕ್ಷಣಗಳಿರುವುದಿಲ್ಲ.

4. ವೈವ್ಯಾಕ್ಸ್ ಮರುಕಳಿಸಲು ಹಿಪ್ನೋಜಾಯಿಟ್ ಕಾರಣ. ಫಾಲ್ಸಿಪಾರಮ್ ಮಾರಕವಾಗಲು ರಕ್ತಕಣಗಳು ಸೂಕ್ಷ್ಮನಾಳಗಳಿಗೆ ಅಂಟಿಕೊಳ್ಳುವುದು ಕಾರಣ.

5. ಸೊಳ್ಳೆಪರದೆ, ಗೋಡೆಯ ಸಿಂಪಡಣೆ, ತೊಟ್ಟಿಯ ಮುಚ್ಚಳ, ಕ್ಲೋರೋಕ್ವಿನ್, ಪ್ರೈಮಾಕ್ವಿನ್, ಇವುಗಳಲ್ಲಿ ಪ್ರತಿಯೊಂದೂ ಚಕ್ರವನ್ನು ಬೇರೆ ಬೇರೆ ಸ್ಥಳದಲ್ಲಿ ತಡೆಯುತ್ತದೆ. ಚಿತ್ರವನ್ನು ಬರೆದು, ಯಾವುದು ಎಲ್ಲಿ ತಡೆಯುತ್ತದೆಂಬುದನ್ನು ವಿದ್ಯಾರ್ಥಿಗಳು ಗುರುತಿಸಿ ನೋಡಬೇಕು. ಹೀಗೆ ಗುರುತಿಸಬಲ್ಲವರಿಗೆ ಹೆಸರುಗಳು ತಾವಾಗಿಯೇ ನೆನಪಿನಲ್ಲಿ ಉಳಿಯುತ್ತವೆ.

ಮನೆಯಲ್ಲಿ ಜ್ವರ ಬಂದವರಿದ್ದರೆ ಒಂದೆರಡು ದಿನ ಕಾದು ನೋಡೋಣವೆನ್ನದೆ ರಕ್ತಪರೀಕ್ಷೆ ಮಾಡಿಸಬೇಕು. ಮಲೇರಿಯಾ ಎಂದು ತಿಳಿದುಬಂದರೆ ವೈದ್ಯರು ಹೇಳಿದಷ್ಟು ದಿನವೂ ಮಾತ್ರೆಯನ್ನು ಸೇವಿಸಬೇಕು. ವಾರಕ್ಕೊಮ್ಮೆ ಮಾಳಿಗೆಯ ತೊಟ್ಟಿಯ ಮುಚ್ಚಳವನ್ನು ಪರಿಶೀಲಿಸಬೇಕು. ಜೀವಶಾಸ್ತ್ರವನ್ನು ಓದುವ ಮಗನೋ ಮಗಳೋ ಮನೆಯಲ್ಲಿದ್ದರೆ ಈ ಮೂರು ಕೆಲಸಗಳ ಕಾರಣವನ್ನು ಹಿರಿಯರಿಗೆ ವಿವರಿಸುವ ಹೊಣೆಯನ್ನು ಅವರಿಗೇ ಒಪ್ಪಿಸಬಹುದು.